ಎರಡನೇ ಪ್ರಾಶಸ್ತ್ಯದ ಲೆಕ್ಕಾಚಾರ: 1969ರ ರಾಷ್ಟ್ರಪತಿ ಚುನಾವಣೆ, ಒಂದು ಪ್ರಕರಣ ಅಧ್ಯಯನ

ನಮ್ಮ ದೇಶದ ರಾಷ್ಟ್ರಪತಿ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಸಾಮಾನ್ಯವಾಗಿ ಮತಪೆಟ್ಟಿಗೆ ತೆರೆಯುವ ಮೊದಲೇ ಗೊತ್ತಿರುತ್ತದೆ. ಯಾವ ಪಕ್ಷದ ಬಳಿ ಎಷ್ಟು ಸಂಸದರು, ಯಾವ ವಿಧಾನಸಭೆಯಲ್ಲಿ ಎಷ್ಟು ಶಾಸಕರು ಎಂದು ಕೂಡಿಸಿದರೆ ಮುಗಿಯಿತು. ಅಂತರ ಎಷ್ಟು ಎಂಬುದಷ್ಟೇ ಬಾಕಿ. 1969ರ ಆಗಸ್ಟ್‌ನಲ್ಲಿ ಈ ಕೂಡುವ ಲೆಕ್ಕ ಕೈಕೊಟ್ಟಿತು. ಕೇಂದ್ರದಲ್ಲಿ ಆಳುತ್ತಿದ್ದ ಪಕ್ಷದ ಅಧಿಕೃತ ಅಭ್ಯರ್ಥಿ ಸೋತರು. ಅವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯ ಬೆಂಬಲಿಗರೇ ಅವರನ್ನು ಸೋಲಿಸಿದರು. ಮೊದಲ ಎಣಿಕೆಯಲ್ಲಿ ಗೆಲ್ಲಲು ಬೇಕಾದಷ್ಟು ಮತ, ಅಂದರೆ ಕೋಟಾ, ಯಾರಿಗೂ ದಕ್ಕದೆ, ಮತದಾರರು ತಮ್ಮ ಎರಡನೇ ಆಯ್ಕೆಯೆಂದು ಗುರುತಿಸಿದ ‘ಎರಡನೇ ಪ್ರಾಶಸ್ತ್ಯ’ದ ಮತಗಳನ್ನು ಕೆದಕಿ ವಿಜೇತರನ್ನು ಹುಡುಕಬೇಕಾಯಿತು. ಹಾಗೆ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಇಂದಿಗೂ ಅದೊಂದೇ.

ಪರೋಕ್ಷ ಚುನಾವಣೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಸಂವಿಧಾನದ 54 ಮತ್ತು 55ನೇ ವಿಧಿಗಳನ್ನು ಓದುವುದಕ್ಕಿಂತ ಈ ಒಂದು ಪ್ರಕರಣವನ್ನು ಬಿಡಿಸಿ ನೋಡುವುದು ಮೇಲು. ನಿಯಮಗಳು ಉಳಿದ ಚುನಾವಣೆಗಳಲ್ಲಿ ಕಾಗದದ ಮೇಲೆ ಮಲಗಿರುತ್ತವೆ. ಇಲ್ಲಿ ಪ್ರತಿಯೊಂದೂ ಎದ್ದು ಕೆಲಸ ಮಾಡಿದೆ.

ಖಾಲಿಯಾದ ಎರಡು ಕುರ್ಚಿ

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ನಿಧನರಾದ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಅದೇ ದಿನ ಹಂಗಾಮಿ ರಾಷ್ಟ್ರಪತಿಯಾದರು. ಹೀಗೆ ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 62ನೇ ವಿಧಿ. ಉಪರಾಷ್ಟ್ರಪತಿಯೂ ಇಲ್ಲದೆ ಹೋದರೆ ಗತಿಯೇನು ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ಸಂಸತ್ತು ಆ ಮೇ ತಿಂಗಳಲ್ಲೇ ಒಂದು ಕಾಯ್ದೆ ಮಾಡಿ, ಅಂಥ ಸಂದರ್ಭದಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆ ಹೊಣೆ ಹೊರಬೇಕು ಎಂದು ಗೊತ್ತುಮಾಡಿತು. ಎರಡೇ ತಿಂಗಳಲ್ಲಿ ಅದರ ಅಗತ್ಯ ಬಿತ್ತು.

ಜುಲೈ ಎರಡನೇ ವಾರದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನಲ್ಲಿ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್ ಮೊದಲಾದ ಹಿರಿಯರ ಕೂಟವನ್ನು ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಕರೆಯುತ್ತಿದ್ದ ಕಾಲ ಅದು. ಇಂದಿರಾ ಗಾಂಧಿಯವರಿಗೂ ಈ ಕೂಟಕ್ಕೂ ಎಣ್ಣೆ ಸೀಗೆಕಾಯಿ. ಜುಲೈ 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿಯ ಸಭೆಯಲ್ಲಿ ಇಂದಿರಾ ಅವರು ಜಗಜೀವನ್ ರಾಮ್ ಅವರ ಹೆಸರು ಮುಂದಿಟ್ಟರು. ಬಹುಮತ ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಅವರ ಕಡೆ ಬಿತ್ತು. ರೆಡ್ಡಿ ಪಕ್ಷದ ಅಧಿಕೃತ ಅಭ್ಯರ್ಥಿಯಾದರು.

ಅಲ್ಲಿಂದ ಮುಂದೆ ಒಂದು ವಾರ ಉಸಿರಾಡಲು ಪುರುಸೊತ್ತಿಲ್ಲದ ರಾಜಕೀಯ. ಜುಲೈ 16ರಂದು ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಳ್ಳಲಾಯಿತು, ಅವರು ಸಂಪುಟದಿಂದಲೇ ಹೊರನಡೆದರು. 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನ ಅವರು ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಉಪರಾಷ್ಟ್ರಪತಿ ತಮ್ಮ ರಾಜೀನಾಮೆಯನ್ನು ರಾಷ್ಟ್ರಪತಿಗೆ ಬರೆದುಕೊಡಬೇಕು ಎಂದು ಸಂವಿಧಾನ ಹೇಳುತ್ತದೆ. ಆ ಹೊತ್ತಿಗೆ ರಾಷ್ಟ್ರಪತಿಯ ಕೆಲಸ ನೋಡುತ್ತಿದ್ದವರೂ ಅವರೇ! ಸಂವಿಧಾನ ರಚಿಸಿದವರು ಎಷ್ಟೇ ದೂರ ಯೋಚಿಸಿದ್ದರೂ ಈ ಮೂಲೆ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಅಂತೂ ಜುಲೈ 20ರಿಂದ ಆಗಸ್ಟ್ 24ರವರೆಗೆ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿ ಭವನದ ಹೊಣೆ ಹೊತ್ತರು.

ಮೂರನೆಯವರಾಗಿ ಸಿ.ಡಿ. ದೇಶಮುಖ್ ಬಂದರು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು, ನೆಹರೂ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು. ಸ್ವತಂತ್ರ ಪಕ್ಷ ಮತ್ತು ಜನಸಂಘ ಅವರ ಬೆನ್ನಿಗಿದ್ದವು. ಅವರು ಗೆಲ್ಲುತ್ತಾರೆಂದು ಯಾರೂ ನಂಬಿರಲಿಲ್ಲ. ಆದರೂ ಇಡೀ ಚುನಾವಣೆ ತಿರುಗಿದ್ದು ಅವರ ಸುತ್ತ.

ಮತದಾರ ಯಾರು, ಒಂದು ಮತದ ತೂಕ ಎಷ್ಟು

ರಾಷ್ಟ್ರಪತಿಯನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಇರುವವರು ಲೋಕಸಭೆ ಮತ್ತು ರಾಜ್ಯಸಭೆಯ ಚುನಾಯಿತ ಸದಸ್ಯರು, ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು. ನಾಮನಿರ್ದೇಶಿತರಿಗೆ ಮತವಿಲ್ಲ, ವಿಧಾನ ಪರಿಷತ್ತಿನವರಿಗೂ ಇಲ್ಲ. (ಇಂದು ದೆಹಲಿ ಮತ್ತು ಪುದುಚೇರಿ ವಿಧಾನಸಭೆಗಳಿಗೂ ಹಕ್ಕಿದೆ, ಆಗ ಇರಲಿಲ್ಲ.) ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆಗೆಂದೇ ಪ್ರತ್ಯೇಕ ಎಲೆಕ್ಟರ್‌ಗಳನ್ನು ಆರಿಸುತ್ತಾರೆ, ಕೆಲಸ ಮುಗಿದ ಮೇಲೆ ಅವರು ತಮ್ಮ ದಾರಿ ಹಿಡಿಯುತ್ತಾರೆ. ನಮ್ಮಲ್ಲಿ ಬೇರೆ ಕೆಲಸಕ್ಕಾಗಿ ಆರಿಸಿ ಬಂದವರೇ ಈ ಕೆಲಸವನ್ನೂ ಮಾಡುತ್ತಾರೆ. ಹಾಗಾಗಿ ಅವರ ಹಳೆಯ ಜಗಳ, ಮುಂದಿನ ಟಿಕೆಟ್, ಮಂತ್ರಿಗಿರಿಯ ಆಸೆ ಎಲ್ಲವೂ ಮತಗಟ್ಟೆಗೆ ಅವರ ಜೊತೆಯಲ್ಲೇ ಬರುತ್ತವೆ.

ಎಲ್ಲರ ಮತಕ್ಕೂ ಒಂದೇ ಬೆಲೆಯಲ್ಲ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ಸಿಗುತ್ತದೆ. ಶೇಷ 500ಕ್ಕಿಂತ ಕಡಿಮೆ ಇಲ್ಲದಿದ್ದರೆ ಒಂದು ಸೇರಿಸಬೇಕು. 1969ರಲ್ಲಿ ಬಳಕೆಯಲ್ಲಿದ್ದದ್ದು 1961ರ ಜನಗಣತಿ. ಅಂದಿನ ಮೈಸೂರು ರಾಜ್ಯದ ಜನಸಂಖ್ಯೆ 2,35,86,772, ಶಾಸಕರು 216. ಲೆಕ್ಕ ಹಾಕಿದರೆ ಒಬ್ಬೊಬ್ಬರ ಮತಕ್ಕೆ 109. ಉತ್ತರ ಪ್ರದೇಶದಲ್ಲಿ 7,37,46,401 ಜನ, 425 ಶಾಸಕರು; 173 ಬಂದು ಶೇಷ 500 ದಾಟುವುದರಿಂದ ಮೌಲ್ಯ 174.

ಎಲ್ಲ ಶಾಸಕರ ಒಟ್ಟು ಮತಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮೌಲ್ಯ. ಆ ಸಲ ಅದು 576. ಅಂದರೆ ಸಂಸತ್ತಿನ ಒಟ್ಟು ತೂಕವೂ ರಾಜ್ಯಗಳ ಒಟ್ಟು ತೂಕವೂ ಹೆಚ್ಚುಕಡಿಮೆ ಸಮ. ದೆಹಲಿಯಲ್ಲಿ ಬಹುಮತವಿದ್ದ ಮಾತ್ರಕ್ಕೆ ರಾಷ್ಟ್ರಪತಿ ಭವನ ಕೈವಶವಾಗುವುದಿಲ್ಲ. 1967ರಲ್ಲಿ ಹಲವು ರಾಜ್ಯಗಳನ್ನು ಕಳೆದುಕೊಂಡಿದ್ದ ಕಾಂಗ್ರೆಸ್ಸಿಗೆ ಇದರ ಬಿಸಿ ತಟ್ಟಿತ್ತು. ಆ ವರ್ಷದ ಚುನಾವಣೆಯಲ್ಲಿ ಜಾಕಿರ್ ಹುಸೇನ್ 4,71,244 ಮೌಲ್ಯದ ಮತ ಪಡೆದರೆ, ಎದುರಾಳಿ ಕೆ. ಸುಬ್ಬರಾವ್ 3,63,971 ಪಡೆದಿದ್ದರು. ಗೆದ್ದದ್ದು ನಿಜ, ಆದರೆ ಹಿಂದಿನ ಚುನಾವಣೆಗಳ ಏಕಪಕ್ಷೀಯ ಗೆಲುವಲ್ಲ.

ಜನರಿಂದ ನೇರವಾಗಿಯೇ ಆರಿಸಬಾರದೇಕೆ ಎಂಬ ಪ್ರಶ್ನೆ ಸಂವಿಧಾನ ಸಭೆಯಲ್ಲೇ ಎದ್ದಿತ್ತು. ಕೆ.ಟಿ. ಶಾ ನೇರ ಚುನಾವಣೆ ಬೇಕೆಂದರು. ನಿಜವಾದ ಅಧಿಕಾರ ಮಂತ್ರಿಮಂಡಲದ ಕೈಯಲ್ಲಿರುವಾಗ, ಇಡೀ ದೇಶದ ಮತ ಪಡೆದು ಬಂದ ರಾಷ್ಟ್ರಪತಿಗೆ ಏನೂ ಅಧಿಕಾರ ಕೊಡದಿರುವುದು ವಿಚಿತ್ರವಾಗುತ್ತದೆ ಎಂಬುದು ನೆಹರೂ ಅವರ ವಾದ. ಆ ವಾದವೇ ನಿಂತಿತು.

ಮತಪತ್ರದ ಮೇಲೆ ಒಂದು ಅಂಕಿ

ಈ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಮುದ್ರೆ ಒತ್ತುವುದೂ ಇಲ್ಲ. ಅಭ್ಯರ್ಥಿಗಳ ಹೆಸರು ಒಂದು ಕಾಲಂನಲ್ಲಿ, ಎದುರಿಗೆ ಖಾಲಿ ಜಾಗ. ಮತದಾರರು ಅಲ್ಲಿ 1, 2, 3 ಎಂದು ತಮ್ಮ ಪ್ರಾಶಸ್ತ್ಯ ಬರೆಯಬೇಕು. 1 ಬರೆಯದಿದ್ದರೆ ಮತ ಅಸಿಂಧು. ಉಳಿದ ಅಂಕಿಗಳು ಅವರವರ ಇಷ್ಟ.

ಗೆಲ್ಲಲು ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧವನ್ನು ದಾಟಬೇಕು, ಅದೇ ಕೋಟಾ. ಯಾರೂ ದಾಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಎಂದು ಯಾರ ಹೆಸರಿನ ಮುಂದಿದೆಯೋ ಅವರಿಗೆ ವರ್ಗಾಯಿಸುತ್ತಾರೆ. ಆ 2 ಈಗಾಗಲೇ ಹೊರಬಿದ್ದವರ ಹೆಸರಿನ ಮುಂದಿದ್ದರೆ 3ನ್ನು ನೋಡುತ್ತಾರೆ. ವರ್ಗವಾದಾಗ ಮತದ ಮೌಲ್ಯ ಕುಗ್ಗುವುದಿಲ್ಲ. ಸಂಸದರ 576 ಹಾಗೆಯೇ 576. ಸಂವಿಧಾನ ಇದನ್ನು ಪ್ರಮಾಣಾನುಗುಣ ಪ್ರಾತಿನಿಧ್ಯ ಎಂದು ಕರೆದಿದೆ. ಇರುವುದೇ ಒಂದು ಕುರ್ಚಿ, ಅದನ್ನು ಯಾವ ಪ್ರಮಾಣದಲ್ಲಿ ಹಂಚುವುದೋ ನಾನರಿಯೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕೊನೆಯವರೆಗೆ ಉಳಿಯುವ ಇಬ್ಬರ ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆ ಎಂದು ಯಾರೂ ನೋಡುವುದೇ ಇಲ್ಲ. ಗಿರಿ ಅವರಿಗೆ 1 ಬರೆದವರು 2 ಯಾರಿಗೆ ಬರೆದರು ಎಂಬುದಕ್ಕೆ ಎಣಿಕೆಯಲ್ಲಿ ಬೆಲೆಯಿಲ್ಲ. ಬೆಲೆಯಿರುವುದು ಸೋತು ಹೊರಹೋಗುವವರ ಬೆಂಬಲಿಗರ ಎರಡನೇ ಆಯ್ಕೆಗೆ. 1969ರಲ್ಲಿ ಅದರ ಅರ್ಥ ಒಂದೇ: ದೇಶಮುಖ್ ಅವರಿಗೆ ಮತ ಹಾಕುವ ಸ್ವತಂತ್ರ ಪಕ್ಷದವರು ಮತ್ತು ಜನಸಂಘದವರು 2 ಎಂಬ ಅಂಕಿಯನ್ನು ಯಾರ ಮುಂದೆ ಬರೆಯುತ್ತಾರೆ?

ನಿಜಲಿಂಗಪ್ಪನವರು ಈ ಲೆಕ್ಕವನ್ನು ಸರಿಯಾಗಿಯೇ ಗ್ರಹಿಸಿದ್ದರು. ಕಮ್ಯುನಿಸ್ಟರು, ಡಿಎಂಕೆ, ಅಕಾಲಿದಳ, ಮುಸ್ಲಿಂ ಲೀಗ್ ಗಿರಿ ಅವರ ಕಡೆ ಹೋಗಿದ್ದವು. ಮಿಕ್ಕ ಆ ಎರಡು ಪಕ್ಷಗಳ ನಾಯಕರನ್ನು ಅವರು ಮಾತಾಡಿಸಿ, ಎರಡನೇ ಪ್ರಾಶಸ್ತ್ಯ ರೆಡ್ಡಿ ಅವರಿಗಿರಲಿ ಎಂದು ಕೇಳಿಕೊಂಡರು. ಗಣಿತದ ದೃಷ್ಟಿಯಿಂದ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಆದರೆ ಎದುರಿಗೆ ಕಾಯುತ್ತಿದ್ದವರು ಇಂದಿರಾ ಗಾಂಧಿ. ಬ್ಯಾಂಕ್ ರಾಷ್ಟ್ರೀಕರಣದಿಂದ ಎಡಪಂಥೀಯರ ಮತ್ತು ಜನಸಾಮಾನ್ಯರ ಮೆಚ್ಚುಗೆ ಗಳಿಸಿದ್ದ ಅವರ ಬಣಕ್ಕೆ ಈ ಭೇಟಿ ಹಬ್ಬದೂಟದಂತೆ ಒದಗಿತು. ಪಕ್ಷದ ಅಧ್ಯಕ್ಷರೇ ಬಲಪಂಥೀಯರೊಂದಿಗೆ ಕೈಜೋಡಿಸಿದ್ದಾರೆ, ಪ್ರಧಾನಿಯನ್ನು ಇಳಿಸಲು ಹೊಂಚು ನಡೆದಿದೆ ಎಂಬ ಗುಲ್ಲೆದ್ದಿತು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಈ ಭೇಟಿಗಳಿಗೆ ವಿವರಣೆ ಕೇಳಿದರು, ಸದಸ್ಯರಿಗೆ ಮುಕ್ತವಾಗಿ ಮತ ಹಾಕಲು ಬಿಡಬೇಕೆಂದರು. ರೆಡ್ಡಿ ಪರ ವಿಪ್ (ಇಂಥವರಿಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಹೊರಡಿಸಿ ಎಂದು ನಿಜಲಿಂಗಪ್ಪನವರು ಕೇಳಿದರೆ ಇಂದಿರಾ ಒಪ್ಪಲಿಲ್ಲ. ಮತದಾನ ಹತ್ತಿರವಾದಾಗ ‘ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ’ ಎಂಬ ಕರೆ ಬಂತು. ಗಿರಿ ಅವರ ಹೆಸರನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಈ ಕರೆ ನಾಟಿದ್ದಕ್ಕೆ ಚುನಾವಣೆಯ ಸ್ವರೂಪವೇ ಕಾರಣ. ಮತದಾನ ಗುಪ್ತ. ಅಡ್ಡಮತದಾನ ಮಾಡಿದವರನ್ನು, ಅಂದರೆ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬೇರೆಯವರಿಗೆ ಮತ ಹಾಕಿದವರನ್ನು, ಹಿಡಿಯುವ ದಾರಿಯಿಲ್ಲ. ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ. ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಅದು ಸದನದೊಳಗಿನ ಮತಕ್ಕೆ ಅನ್ವಯಿಸುತ್ತದೆಯೇ ಹೊರತು ರಾಷ್ಟ್ರಪತಿ ಚುನಾವಣೆಗಲ್ಲ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ ಎಂಬುದನ್ನು ಇಂದಿಗೂ ಚುನಾವಣಾ ಆಯೋಗ ಪ್ರತಿ ಸಲ ನೆನಪಿಸುತ್ತದೆ.

ಎಣಿಕೆ

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಅದರ ಅರ್ಧಕ್ಕೆ ಒಂದು ಸೇರಿಸಿ, ಭಿನ್ನರಾಶಿ ಬಿಟ್ಟರೆ ಕೋಟಾ 4,18,169.

ಮೊದಲ ಪ್ರಾಶಸ್ತ್ಯದಲ್ಲಿ ಗಿರಿ ಅವರಿಗೆ 4,01,515, ರೆಡ್ಡಿ ಅವರಿಗೆ 3,13,548, ದೇಶಮುಖ್ ಅವರಿಗೆ 1,12,769. ಕಣದಲ್ಲಿ ಒಟ್ಟು ಹದಿನೈದು ಮಂದಿ ಇದ್ದರು. ಉಳಿದ ಹನ್ನೆರಡು ಮಂದಿಯ ಗಳಿಕೆ ಎಲ್ಲ ಸೇರಿ 8,505. ಅವರಲ್ಲಿ ಒಬ್ಬರಿಗೆ ಬಿದ್ದದ್ದು ಸರಿಯಾಗಿ 576, ಒಬ್ಬ ಸಂಸದರ ಮತದಷ್ಟೇ ತೂಕ. ಐದು ಮಂದಿಗೆ ಸೊನ್ನೆ. ಅವರ ಹೆಸರು ಸೂಚಿಸಿದವರ ಮತವೂ ಅವರಿಗೆ ಬಿದ್ದಿರಲಿಲ್ಲ.

ಕೋಟಾ ತಲುಪಲು ಗಿರಿ ಅವರಿಗೆ ಇನ್ನೂ 16,654 ಬೇಕಿತ್ತು, ರೆಡ್ಡಿ ಅವರಿಗೆ 1,04,621. ಹಂಚಿಕೆಗೆ ಲಭ್ಯವಿದ್ದದ್ದು ದೇಶಮುಖ್ ಮತ್ತು ಉಳಿದ ಸಣ್ಣ ಅಭ್ಯರ್ಥಿಗಳದ್ದೆಲ್ಲ ಸೇರಿ 1,21,274. ಕೆಳಗಿನಿಂದ ಒಬ್ಬೊಬ್ಬರನ್ನೇ ಕೈಬಿಡುತ್ತ ಬಂದು, ಕೊನೆಗೆ ದೇಶಮುಖ್ ಅವರ ಮತಗಳನ್ನೂ ವಿಂಗಡಿಸಿದಾಗ ಗಿರಿ 4,20,077ಕ್ಕೆ ಬಂದು ನಿಂತರು. ರೆಡ್ಡಿ 4,05,427.

ವರ್ಗಾವಣೆಯನ್ನೇ ಬೇರೆಯಾಗಿ ನೋಡಿದರೆ ಕಥೆ ಬೇರೆಯೇ ಇದೆ. ಹಂಚಿದ 1,21,274ರಲ್ಲಿ ರೆಡ್ಡಿ ಅವರಿಗೆ 91,879 ಬಂತು, ಅಂದರೆ ಮುಕ್ಕಾಲು ಪಾಲು. ಗಿರಿ ಅವರಿಗೆ ಸಿಕ್ಕಿದ್ದು 18,562 ಮಾತ್ರ. ಉಳಿದ 10,833 ಯಾರಿಗೂ ಹೋಗಲಿಲ್ಲ, ಮುಂದಿನ ಆಯ್ಕೆಯನ್ನು ನಮೂದಿಸದ ಮತಪತ್ರಗಳು ಅಲ್ಲಿಗೇ ನಿಂತವು. ಅವೆಲ್ಲವೂ ರೆಡ್ಡಿ ಅವರಿಗೇ ಬಂದಿದ್ದರೂ 4,16,260 ಆಗಿ ಸೋಲು ತಪ್ಪುತ್ತಿರಲಿಲ್ಲ.

ಅಂದರೆ ನಿಜಲಿಂಗಪ್ಪನವರ ಮಾತುಕತೆ ವಿಫಲವಾಗಲಿಲ್ಲ. ಬಲಪಂಥೀಯ ಪಕ್ಷಗಳ ಎರಡನೇ ಪ್ರಾಶಸ್ತ್ಯ ಬಹುಪಾಲು ರೆಡ್ಡಿ ಅವರಿಗೇ ಬಿತ್ತು. ಕೈಕೊಟ್ಟದ್ದು ಮೊದಲ ಪ್ರಾಶಸ್ತ್ಯ. ಎರಡು ವರ್ಷದ ಹಿಂದೆ ಕಾಂಗ್ರೆಸ್ ಅಭ್ಯರ್ಥಿಗೆ ಬಿದ್ದಿದ್ದ 4,71,244ರ ಪಕ್ಕದಲ್ಲಿ ರೆಡ್ಡಿ ಅವರ 3,13,548 ಇಟ್ಟು ನೋಡಿ, 1,57,696 ಕಡಿಮೆ. ನಡುವೆ ಉತ್ತರ ಪ್ರದೇಶ, ಬಿಹಾರ, ಪಂಜಾಬ್, ಪಶ್ಚಿಮ ಬಂಗಾಳದಲ್ಲಿ ಮಧ್ಯಂತರ ಚುನಾವಣೆ ನಡೆದು ವಿಧಾನಸಭೆಗಳ ಬಲಾಬಲ ಬದಲಾಗಿತ್ತು, ಹಾಗಾಗಿ ಕೊರತೆಯನ್ನೆಲ್ಲ ಅಡ್ಡಮತದಾನದ ಖಾತೆಗೆ ಬರೆಯುವಂತಿಲ್ಲ. ಆದರೂ ದೊಡ್ಡ ಪಾಲು ಪಕ್ಷದೊಳಗಿಂದಲೇ ಸೋರಿದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎರಡನೇ ಪ್ರಾಶಸ್ತ್ಯಕ್ಕಾಗಿ ಹೊರಗಿನವರ ಮನೆ ಬಾಗಿಲು ತಟ್ಟಿದ್ದೇ ಮೊದಲ ಪ್ರಾಶಸ್ತ್ಯ ಕೊಡಬೇಕಾಗಿದ್ದ ಒಳಗಿನವರಿಗೆ ನೆಪವಾಯಿತು. ಆ ಭೇಟಿಗಳು ನಡೆಯದಿದ್ದರೆ ಇಂದಿರಾ ಬಣ ಬೇರೊಂದು ನೆಪ ಹುಡುಕುತ್ತಿತ್ತು ಎನ್ನಬಹುದು, ಹುಡುಕುತ್ತಲೂ ಇತ್ತು. ಆದರೆ ‘ಆತ್ಮಸಾಕ್ಷಿ’ ಎಂಬ ದೊಡ್ಡ ಮಾತಿಗೆ ತಕ್ಕಷ್ಟು ದೊಡ್ಡ ಕಾರಣ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಅಂತರ ಎಷ್ಟು ತೆಳುವಾಗಿತ್ತೆಂದರೆ, ಕೊನೆಯ ಎಣಿಕೆಯಲ್ಲಿ ಇಬ್ಬರ ನಡುವೆ ಇದ್ದದ್ದು 14,650, ಅದರ ಅರ್ಧ 7,325. ಅಷ್ಟಕ್ಕಿಂತ ತುಸು ಹೆಚ್ಚು ಮೌಲ್ಯ ಗಿರಿ ಅವರಿಂದ ರೆಡ್ಡಿ ಅವರ ಕಡೆ ಸರಿದಿದ್ದರೆ ಫಲಿತಾಂಶ ಉಲ್ಟಾ. ಒಬ್ಬ ಸಂಸದರಿಗೆ 576ರಂತೆ ಹದಿಮೂರು ಸಂಸದರು ಸಾಕಿತ್ತು. ಇದೇ ಕೆಲಸಕ್ಕೆ ಉತ್ತರ ಪ್ರದೇಶದ ಶಾಸಕರಾದರೆ 43, ಮೈಸೂರಿನ ಶಾಸಕರಾದರೆ 68 ಬೇಕಾಗುತ್ತಿತ್ತು. ಕೂಡುವ ಲೆಕ್ಕ ಬಲ್ಲ ಪಕ್ಷದ ವ್ಯವಸ್ಥಾಪಕರು ದೆಹಲಿಯ ಸಂಸದರ ಬೆನ್ನು ಬೀಳುವುದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕೋರ್ಟಿಗೆ ಹೋದ ಕರಪತ್ರ

ಆಗಸ್ಟ್ 24ರಂದು ಗಿರಿ ಪ್ರಮಾಣವಚನ ಸ್ವೀಕರಿಸಿದರು. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಎರಡಾಯಿತು. ಈ ಭಾಗ ಎಲ್ಲರಿಗೂ ಗೊತ್ತಿರುವಂಥದ್ದು.

ಅಷ್ಟಾಗಿ ಗೊತ್ತಿಲ್ಲದ್ದು ತಕರಾರು ಅರ್ಜಿಗಳ ಕಥೆ. ರಾಷ್ಟ್ರಪತಿ ಚುನಾವಣೆಯ ವ್ಯಾಜ್ಯವನ್ನು 71ನೇ ವಿಧಿಯಂತೆ ನೇರವಾಗಿ ಸುಪ್ರೀಂ ಕೋರ್ಟೇ ವಿಚಾರಿಸಬೇಕು. ರೆಡ್ಡಿ ಅವರ ಚಾರಿತ್ರ್ಯಹರಣ ಮಾಡುವ, ಅಚ್ಚುಹಾಕಿದವರ ಹೆಸರಿಲ್ಲದ ಕರಪತ್ರವೊಂದನ್ನು ಮತದಾರರಿಗೆ ಹಂಚಲಾಗಿತ್ತು. ಇದು ಮತದಾರರ ಮೇಲೆ ಬೀರಿದ ಅನುಚಿತ ಪ್ರಭಾವ ಎಂಬುದು ಅರ್ಜಿದಾರರ ಮುಖ್ಯ ಆಕ್ಷೇಪ. ಹಾಲಿ ರಾಷ್ಟ್ರಪತಿ ಗಿರಿ ಖುದ್ದಾಗಿ ಕೋರ್ಟಿನಲ್ಲಿ ಹಾಜರಾಗಿ ಸಾಕ್ಷ್ಯ ನುಡಿದರು. ಅಂಥದ್ದು ಹಿಂದೆಂದೂ ನಡೆದಿರಲಿಲ್ಲ. 1970ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅರ್ಜಿಗಳನ್ನು ವಜಾ ಮಾಡಿ ಆಯ್ಕೆಯನ್ನು ಎತ್ತಿಹಿಡಿಯಿತು.

ಕಾನೂನು ಬದಲಾದದ್ದು ಇನ್ನೊಂದು ಕಡೆ. 1969ರಲ್ಲಿ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ಯಾರು ಬೇಕಾದರೂ ಕಣಕ್ಕಿಳಿಯಬಹುದಿತ್ತು. ಸೊನ್ನೆ ಪಡೆದ ಐವರು ಕಾಣಿಸಿಕೊಂಡದ್ದು ಹಾಗೆ. 1974ರಲ್ಲಿ ಅದನ್ನು ಹತ್ತು ಸೂಚಕರು, ಹತ್ತು ಅನುಮೋದಕರಿಗೆ ಏರಿಸಿ 2,500 ರೂಪಾಯಿ ಠೇವಣಿ ಇರಿಸಿದರು. 1997ರಲ್ಲಿ ತಲಾ ಐವತ್ತಕ್ಕೆ, ಠೇವಣಿ 15,000ಕ್ಕೆ ಹೋಯಿತು. ಪ್ರಚಾರಪ್ರಿಯರನ್ನು ದೂರ ಇಡುವುದು ಉದ್ದೇಶ. ಅದರ ಜೊತೆಗೇ ಸಣ್ಣ ಪಕ್ಷವೊಂದು ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸುವ ದಾರಿಯೂ ಕಿರಿದಾಯಿತು. ಕಣದಲ್ಲಿ ಇಬ್ಬರೇ ಉಳಿದರೆ ಎರಡನೇ ಪ್ರಾಶಸ್ತ್ಯಕ್ಕೆ ಕೆಲಸವೇ ಇಲ್ಲ. ಇತ್ತೀಚಿನ ಚುನಾವಣೆಗಳೆಲ್ಲ ಹಾಗೆಯೇ ನಡೆದಿವೆ.

ಹೊಸ ನಿಯಮದ ಲಾಭ ಮೊದಲು ಪಡೆದವರಲ್ಲಿ ಸಂಜೀವ ರೆಡ್ಡಿ ಒಬ್ಬರು. ಆ ವೇಳೆಗೆ ರಾಷ್ಟ್ರಪತಿಯಾಗಿದ್ದ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡು, 1977ರಲ್ಲಿ ಮತ್ತೆ ಚುನಾವಣೆ ಘೋಷಣೆಯಾದಾಗ 37 ಮಂದಿ ನಾಮಪತ್ರ ಸಲ್ಲಿಸಿದರು. ಪರಿಶೀಲನೆಯಲ್ಲಿ 36 ತಿರಸ್ಕೃತವಾದವು. ಉಳಿದದ್ದು ರೆಡ್ಡಿ ಅವರದ್ದು. ಮತಪತ್ರದ ಗೊಡವೆಯೇ ಬೇಕಾಗಲಿಲ್ಲ, ಅವರು ಅವಿರೋಧವಾಗಿ ಆಯ್ಕೆಯಾದರು.